ಸರಿ

ಹೆಸರಿಡಬಾರದು ಎಂದಿದ್ದರು ಮೊದಲ ದಿನವೇ.
ಕಿವಿಗೆ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಏಳು.
ನಾನೇನು ಮಾಡಲಿ,
ಬೆಳಿಗ್ಗೆ ಬಾಗಿಲು ತೆಗೆದು ‘ಏಳು’ ಅಂದರೆ
ಎದ್ದು ನಿಲ್ಲುತ್ತಿತ್ತು.

ಕುರುಗೋಡು ಸಂತೆಯಲ್ಲಿ ನಾನೇ ಹಲ್ಲು ನೋಡಿ ತಂದದ್ದು,
ಬಿಳಿ ಮೈ, ಕರಿ ಮೋರೆ.
ಅಪ್ಪ ಇದ್ದಿದ್ದರೆ ಕೇಳುತ್ತಿದ್ದ:
‘ಇದಕ್ಕೇನು ರೋಗ ಐತೆ, ಬಳ್ಳಾರಿ ದವಾಖಾನೆಗೆ ಒಯ್ಯಾಕೆ?’
ರೋಗ ಇಲ್ಲ ಅಂತಲೇ ಒಯ್ಯುವುದು ಅಂದಿದ್ದರೆ
ಬೀಡಿ ಆರಿಸಿ ನನ್ನ ಮುಖ ನೋಡುತ್ತಿದ್ದ.

ತಸ್ನೀಮ್ ಮೇಡಂ ಕೋಣೆಯಲ್ಲಿ
ಒಂದು ಸೂಜಿ, ಒಂದು ತಿರುಗುವ ಕಡ್ಡಿ, ನಡುವೆ ಗೇಣಗಲ ಗಾಳಿ.
ಕರೆಂಟು ಕೊಟ್ಟರೆ ಸೂಜಿಯ ತುದಿಯಿಂದ ಎಳೆ ಹಾರುತ್ತದೆ,
ಕಣ್ಣಿಗೆ ಕಾಣದಷ್ಟು ಸಣ್ಣ;
ಕಡ್ಡಿಯ ಮೇಲೆ ಕೂತಮೇಲಷ್ಟೇ ಬೆಳ್ಳಗೆ.
ನಾಲ್ಕು ತಾಸು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ.
ಕೊನೆಗೆ ಕಡ್ಡಿ ಎಳೆದುಕೊಂಡರೆ ಉಳಿಯುವುದು
ಬೆರಳುದ್ದದ ಕೊಳವೆ,
ಎಳನೀರು ಕುಡಿಯುವ ಕೊಳವೆಗಿಂತ ಸಪೂರ.

‘ಪ್ಲಾಸ್ಟಿಕ್ಕಾ?’ ಅಂದೆ.
‘ಪ್ಲಾಸ್ಟಿಕ್ಕೇ. ಆದರೆ ಕರಗೋದು.’
‘ಕರಗೋದಾದ್ರೆ ಹಾಕೋದ್ಯಾಕೆ?’
ಮೇಡಂ ಬೋರ್ಡಿನ ಮೇಲೆ ಗೆರೆ ಎಳೆಯತೊಡಗಿದರು.
ನನಗೆ ತಿಳಿದದ್ದು ಆ ಗೆರೆಗಳಿಂದಲ್ಲ.

ಮೋಕಾದ ನಮ್ಮ ಅಂಗಳದಲ್ಲಿ
ಅವ್ವ ಕಂಬಳಿಯ ಹಾಸಿನೆಳೆಗಳಿಗೆ
ಹುಣಸೆ ಬೀಜದ ಸರಿ ಹಚ್ಚುತ್ತಿದ್ದಳು.
ಹುರಿದು, ನೆನೆಸಿ, ಅರೆದು, ಕುದಿಸಿದ ಸರಿ.
ಅದಿಲ್ಲದೆ ಉಣ್ಣೆ ಮಗ್ಗದ ಪೆಟ್ಟು ತಾಳದು.
ಹೊಸತರಲ್ಲಿ ಕಂಬಳಿಯೆಂದರೆ ಅರ್ಧ ಸರಿಯೇ,
ಗೋಡೆಗೆ ಒರಗಿಸಿದರೆ ತಗಡಿನ ಹಾಗೆ ನಿಲ್ಲುವುದು.
ಆಮೇಲೆ ಹೊದ್ದವನ ಮೈಬಿಸಿ, ಎರಡು ಮಳೆ,
ಸರಿ ಸರಿಯುತ್ತದೆ.
ಕಂಬಳಿ ಉಳಿಯುತ್ತದೆ.

ಮೂರು ಹನ್ನೊಂದನೇ ದಿನ ಸತ್ತಿತು,
ಕೊಳವೆಯೊಳಗೆ ಹೆಪ್ಪುಗಟ್ಟಿದ ರಕ್ತ.
ಐದರ ಕೊಳವೆ ಬೇಗ ಕರಗಿತು; ಒಳಗಿನ ನರ ಇನ್ನೂ ಎಳಸು,
ಉಬ್ಬಿ ಒಡೆಯಿತು. ಆ ರಾತ್ರಿ ಪಾಳಿ ನನ್ನದು.
ನೆಲ ಒರೆಸಿದ್ದೂ ನಾನೇ.
ಬೇಗ ಹೋದರೂ ತಪ್ಪು, ಕೂತೇ ಇದ್ದರೂ ತಪ್ಪು.
ಅವ್ವ ಎರಡು ಬೆರಳ ನಡುವೆ ಎಳೆದು ಹದ ಹೇಳುತ್ತಿದ್ದಳು,
ಮೇಡಂಗೆ ಆ ಹದ ಸಿಗಲು ಆರು ವರ್ಷ.

ಏಳರ ಕೊರಳಿಗೆ ಮೆಷಿನ್ನು ಹಿಡಿದರೆ
ಶ್ಶೂ ಶ್ಶೂ,
ಕಾಲುವೆಗೆ ನೀರು ಬಿಟ್ಟ ರಾತ್ರಿಯ ಸದ್ದು.
ಬರಬರುತ್ತ ಮೆಷಿನ್ನೂ ಬೇಡವಾಯಿತು ನನಗೆ,
ಮೆಲುಕು ಹಾಕುವಾಗ ಎರಡು ಬೆರಳಿಟ್ಟರೆ ಸಾಕು.

ಎದುರಿನ ಡಯಾಲಿಸಿಸ್ ವಾರ್ಡಿನಿಂದ ಎರ್ರಿಸ್ವಾಮಿ ಬರುತ್ತಿದ್ದ,
ಸಂಡೂರಿನ ಅದಿರು ಲಾರಿ ಓಡಿಸಿದವನು,
ಎರಡೂ ರಟ್ಟೆಯಲ್ಲಿ ಸೂಜಿಗೆ ಜಾಗ ಮುಗಿದವನು.
ಬೇಲಿ ಹಿಡಿದು ಕೇಳುತ್ತಿದ್ದ:
‘ಮೇಯ್ತಾ ಐತಾ?’
‘ಮೇಯ್ತಾ ಐತೆ.’
ಅಷ್ಟೇ ನಮ್ಮ ಮಾತು, ಒಂಬತ್ತು ತಿಂಗಳು.

ತುಂಬಿದ ದಿನ, ತೆರೆದು ನೋಡಲೇಬೇಕು ಅಂದರು.
ಕುರಿಯನ್ನು ಉಳಿಸಿಕೊಂಡು ನೋಡುವ ದಾರಿಯಿಲ್ಲ.
ಬಾಗಿಲು ತೆಗೆದೆ. ‘ಏಳು’ ಅಂದೆ.
ಎದ್ದಿತು.
ಹಗ್ಗವಿಲ್ಲದೆ ನನ್ನ ಹಿಂದೆಯೇ ನಡೆದು ಬಂತು.

ತಟ್ಟೆಯಲ್ಲಿ ಒಂದು ತುಂಡು ನರ.
ಮೇಡಂ ಚಿಮಟದಿಂದ ಹುಡುಕಿದರು,
ಕನ್ನಡಕ ಹಣೆಗೇರಿಸಿ ಹುಡುಕಿದರು,
ಕೊಳವೆ ಇಲ್ಲ.
ಆ ತುದಿಗೊಂದು, ಈ ತುದಿಗೊಂದು
ಕರಗದ ನೀಲಿ ದಾರದ ಹೊಲಿಗೆ;
ನಡುವೆ ಇದ್ದದ್ದೆಲ್ಲ ಕುರಿ.

‘ಸರಿ ಹೋಗೇತೆ’ ಅಂದೆ.
‘ಹೌದು, ಸರಿಹೋಗಿದೆ’ ಎಂದು ಅವರು ಬರೆದುಕೊಂಡರು.
ದನಿ ಒದ್ದೆಯಾಗಿತ್ತು. ಯಾವುದಕ್ಕೋ.

ಹೊರಗೆ ಎರ್ರಿಸ್ವಾಮಿ
ಖಾಲಿ ದೊಡ್ಡಿಯ ಬೇಲಿ ಹಿಡಿದು ನಿಂತಿದ್ದ.
ಈ ಸಲ ಏನೂ ಕೇಳಲಿಲ್ಲ.
ಅವನ ರಟ್ಟೆಯ ಮೇಲೆ ಎರಡು ಬೆರಳಿಟ್ಟೆ.
ಸುಮ್ಮನೆ. ಅಭ್ಯಾಸ.